ದೇಶಭದ್ರತೆಗೆ ಶೇಕಡಾ ಹನ್ನೆರಡು

ಉಕ್ಕಿಲ್ಲದೆ ದೇಶ ಉಳಿಯದು ಎಂಬ ಜ್ಞಾನೋದಯ ಈಚೆಗೆ ದೊಡ್ಡ ದೊಡ್ಡವರಿಗೆಲ್ಲ ಸರದಿಯ ಪ್ರಕಾರ ಆಗುತ್ತಿದೆ. ಅಮೆರಿಕದ ಡೊನಾಲ್ಡ್ ಟ್ರಂಪ್ ಸಾಹೇಬರಿಗೆ ಮೊದಲು ಆದದ್ದು 2018ರಲ್ಲಿ. ಪಕ್ಕದ ಮನೆಯ ಕೆನಡಾದಿಂದ ಬರುವ ಉಕ್ಕು ತಮ್ಮ ದೇಶದ ಭದ್ರತೆಗೆ ಕುತ್ತು ಎಂದು ಅವರು ಶೇ. 25 ಸುಂಕ ಜಡಿದರು. ತಾವು ಅಷ್ಟು ಭಯಂಕರ ಜನ ಎಂಬುದು ಕೆನಡಾದವರಿಗೂ ಆ ದಿನವೇ ಗೊತ್ತಾದದ್ದು. 2025ರ ಜೂನ್ ಹೊತ್ತಿಗೆ ಭಯ ಇಮ್ಮಡಿಸಿ ಸುಂಕ ಶೇ. 50 ಆಯಿತು. ಜಪಾನಿನ ನಿಪ್ಪಾನ್ ಕಂಪನಿ ಅಮೆರಿಕದ ಹಳೇ ಹೆಸರಾದ ಯು.ಎಸ್. ಸ್ಟೀಲನ್ನು ಕೊಳ್ಳಲು ಹೊರಟಿದ್ದನ್ನು ಅದೇ ವರ್ಷದ ಜನವರಿಯಲ್ಲಿ ಆಗಿನ ಅಧ್ಯಕ್ಷ ಬೈಡನ್ ಅವರು ದೇಶಭದ್ರತೆಯ ಕಾರಣ ಕೊಟ್ಟು ತಡೆದರು. ಜೂನ್‌ನಲ್ಲಿ ಟ್ರಂಪ್ ಬಿಟ್ಟುಕೊಟ್ಟರು. ನಡುವೆ ಜಪಾನ್ ಏನೂ ಬದಲಾಗಿರಲಿಲ್ಲ. ಅಮೆರಿಕ ಸರ್ಕಾರದ ಕೈಗೆ 'ಚಿನ್ನದ ಷೇರು' ಎಂಬ ಒಂದು ಕಾಗದ ಬಂದಿತ್ತು, ಅಷ್ಟೆ. ದೊಡ್ಡ ತೀರ್ಮಾನ ಯಾವುದಕ್ಕೂ ಅಧ್ಯಕ್ಷರ ಒಪ್ಪಿಗೆ ಬೇಕು ಎಂದು ಬರೆದ ಕಾಗದ.

ಬ್ರಿಟನ್ನಿನವರ ಕತೆ ಇನ್ನೂ ರಸವತ್ತಾಗಿದೆ. ಸರ್ಕಾರ ಉಕ್ಕು ಮಾಡುವುದೇ ಪಾಪ ಎಂದು ಥ್ಯಾಚರಮ್ಮ 1988ರಲ್ಲಿ ಬ್ರಿಟಿಷ್ ಸ್ಟೀಲನ್ನು ಖಾಸಗಿಯವರಿಗೆ ಮಾರಿದರು. ಅದು ಕೈಯಿಂದ ಕೈಗೆ ಹೋಗಿ ನಮ್ಮ ಟಾಟಾದವರ ಬುಟ್ಟಿಗೂ ಬಿತ್ತು. ಟಾಟಾದವರು ಅದರ ಒಂದು ಭಾಗವನ್ನು 2016ರಲ್ಲಿ ಒಂದೇ ಒಂದು ಪೌಂಡಿಗೆ ಕೊಟ್ಟು ಕೈ ತೊಳೆದುಕೊಂಡರು. 2020ರಲ್ಲಿ ಚೀನಾದ ಜಿಂಗ್‌ಯೆ ಕಂಪನಿ ಬಂತು. ಸ್ಕನ್‌ಥಾರ್ಪ್ ಊರಿನಲ್ಲಿರುವ ಎರಡು ಊದುಕುಲುಮೆಗಳಿಂದ ದಿನಕ್ಕೆ 7 ಲಕ್ಷ ಪೌಂಡ್ ನಷ್ಟ, ಮುಚ್ಚುತ್ತೇವೆ ಎಂದು ಅದು ಹೇಳಿದಾಗ ಲಂಡನ್ನಿನಲ್ಲಿ ಎಲ್ಲರಿಗೂ ಎಚ್ಚರವಾಯಿತು. ಈಸ್ಟರ್ ರಜೆಯ ಮೇಲಿದ್ದ ಸಂಸದರನ್ನು ಕರೆಸಿ, 2025ರ ಏಪ್ರಿಲ್ 12ರ ಶನಿವಾರ ಒಂದೇ ದಿನದಲ್ಲಿ ಕಾನೂನು ಮಾಡಿ, ದೊರೆಯ ಅಂಕಿತವನ್ನೂ ಹಾಕಿಸಿ, ಕಾರ್ಖಾನೆಯ ಉಸ್ತುವಾರಿಯನ್ನು ಸರ್ಕಾರವೇ ತೆಗೆದುಕೊಂಡಿತು. ಶನಿವಾರ ಮನೆಗೆ ಒಂದು ಮೊಳೆ ತರುವುದಕ್ಕೂ ನಮ್ಮ ಅಜ್ಜಿಯಂದಿರು ಬಿಡುತ್ತಿರಲಿಲ್ಲ. ಇಂಗ್ಲಿಷರು ಶನಿವಾರವೇ ಇಡೀ ಕಬ್ಬಿಣದ ಕಾರ್ಖಾನೆಯನ್ನು ಮನೆಗೆ ತಂದುಕೊಂಡರು.

ಇದಾದ ಒಂಬತ್ತನೇ ದಿನಕ್ಕೆ, ಏಪ್ರಿಲ್ 21ರ ಸೋಮವಾರ, ನಮ್ಮ ದೆಹಲಿಗೂ ಜ್ಞಾನೋದಯವಾಯಿತು. ಹೊರಗಿನಿಂದ ಬರುವ ಚಪ್ಪಟೆ ಉಕ್ಕಿಗೆ, ಅಂದರೆ ಸುರುಳಿ, ಹಲಗೆ, ಬಣ್ಣದ ಶೀಟುಗಳಿಗೆ, 200 ದಿನಗಳ ಮಟ್ಟಿಗೆ ಶೇ. 12 ರಕ್ಷಣಾ ಸುಂಕ. ಆ ವರ್ಷದ ಕೊನೆಯಲ್ಲಿ ಅದನ್ನೇ ಮೂರು ವರ್ಷಕ್ಕೆ ಗಟ್ಟಿ ಮಾಡಿದರು: ಮೊದಲ ವರ್ಷ 12, ಎರಡನೆಯ ವರ್ಷ 11.5, ಮೂರನೆಯ ವರ್ಷ 11. ದೇಶದ ಮೇಲಿನ ಅಪಾಯ ವರ್ಷಕ್ಕೆ ಸರಿಯಾಗಿ ಅರ್ಧ ಶೇಕಡಾದಂತೆ ಇಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಇಟ್ಟಿರುವ ಸರ್ಕಾರ ಜಗತ್ತಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಅಪಾಯ ಯಾರಿಂದ? ಮುಖ್ಯವಾಗಿ ಚೀನಾದಿಂದ. ವರ್ಷಕ್ಕೆ ಸುಮಾರು 100 ಕೋಟಿ ಟನ್ ಉಕ್ಕು ಮಾಡುವ ದೇಶ ಅದು. ಎರಡನೇ ಸ್ಥಾನದಲ್ಲಿರುವ ನಾವು 2024ರಲ್ಲಿ 15 ಕೋಟಿ ಟನ್ನಿನ ಹತ್ತಿರ ಇದ್ದೆವು. ತನ್ನಲ್ಲಿ ಮನೆ ಕಟ್ಟುವ ಕೆಲಸ ಕುಂಟಿದ ಮೇಲೆ 2024ರಲ್ಲಿ ಅದು 11 ಕೋಟಿ ಟನ್ನನ್ನು ಹೊರಗೆ ಸುರಿಯಿತು. ಅಗ್ಗದ ಉಕ್ಕು ಬಂದು ನಮ್ಮ ಕಾರ್ಖಾನೆಗಳು ನೆಲ ಕಚ್ಚುತ್ತವೆ ಎಂಬುದು ದೆಹಲಿಯ ಚಿಂತೆ. ಆದರೆ ಆ ಉಕ್ಕಿಗೆ ಅದಿರು ಎಲ್ಲಿಂದ ಹೋಯಿತು ಎಂದು ಕೇಳಿದರೆ, ಕುಮಟಾದಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಒಂದು ತಾಸು ಹೋದರೆ ಸಾಕು, ಉತ್ತರದ ಒಂದು ತುಂಡು ಸಿಗುತ್ತದೆ. ಅಂಕೋಲೆ ದಾಟಿದರೆ ಬೇಲೆಕೇರಿ ಬಂದರು.

ಕಬ್ಬಿಣ ಕಳಿಸಿಕೊಡುವುದರಲ್ಲಿ ನಮ್ಮ ಕರಾವಳಿಯದು ಹಳೇ ಕೈ. ಐನೂರು ವರ್ಷದ ಹಿಂದೆ ಇಲ್ಲಿ ಓಡಾಡಿದ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ, ಭಟ್ಕಳದಿಂದ ಓರ್ಮುಜ್‌ಗೆ ಹೋಗುವ ಹಡಗುಗಳು ಅಕ್ಕಿ, ಸಕ್ಕರೆಯ ಜೊತೆ ಕಬ್ಬಿಣವನ್ನೂ ತುಂಬಿಕೊಳ್ಳುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಆ ಕಡೆಯಿಂದ ವಿಜಯನಗರದ ದಂಡಿಗೆ ಕುದುರೆ ಬರುತ್ತಿತ್ತು. ಕಬ್ಬಿಣ ಕೊಟ್ಟು ಕುದುರೆ ತಂದರು. ದೇಶಭದ್ರತೆಯ ಲೆಕ್ಕದಲ್ಲಿ ಅದು ತಕ್ಕ ವ್ಯಾಪಾರವೇ. 2000ದ ಮೇಲೆ ನಾವು ಮಾಡಿದ್ದು ಮಣ್ಣು ಕೊಟ್ಟು ಹೆಲಿಕಾಪ್ಟರ್ ತರುವ ವ್ಯಾಪಾರ. ಹೆಲಿಕಾಪ್ಟರ್ ಬಂದದ್ದು ಬಳ್ಳಾರಿಗೆ. ನಮಗೆ ಬಂದದ್ದು ಧೂಳು.

ಬೀಜಿಂಗ್ ಒಲಿಂಪಿಕ್ಸಿಗೆ ಸಜ್ಜಾಗುತ್ತಿದ್ದ ಕಾಲ. ಸಂಡೂರು, ಹೊಸಪೇಟೆಗಳ ಅದಿರು ಹುಬ್ಬಳ್ಳಿ, ಯಲ್ಲಾಪುರದ ಮೇಲಿಂದ ಅರಬೈಲು ಘಟ್ಟ ಇಳಿದು ಬೇಲೆಕೇರಿಯ ಧಕ್ಕೆಗೆ ಬರುತ್ತಿತ್ತು. ಲಾರಿಗಳ ಸಾಲಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ರಸ್ತೆ ಬದಿಯ ಅಡಿಕೆ ಮರದ ಸೋಗೆ ಕೆಂಪು, ಒಣಹಾಕಿದ ಪಂಚೆ ಕೆಂಪು. ಆಗ ಯಾರೂ ಇದನ್ನು ದೇಶಭದ್ರತೆಯ ವಿಷಯ ಎನ್ನಲಿಲ್ಲ. ವಿದೇಶಿ ವಿನಿಮಯ ಎಂದರು. 2010ರ ಮಾರ್ಚ್‌ನಲ್ಲಿ ಲೋಕಾಯುಕ್ತದ ತನಿಖೆಯ ಬೆನ್ನಲ್ಲಿ ಅರಣ್ಯ ಇಲಾಖೆ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡಿತು. ಸರ್ಕಾರದ ವಶದಲ್ಲಿದ್ದ ಆ ಗುಡ್ಡೆಗಳು ಸರ್ಕಾರದ ವಶದಲ್ಲಿರುವಾಗಲೇ ಹಡಗು ಹತ್ತಿ ಹೋದವು. ಲಾರಿಗೆ 20 ಟನ್ ಎಂದು ಹಿಡಿದರೂ ಇದು ಸಾವಿರಾರು ಲೋಡಿನ ಮಾಲು. ನಮ್ಮೂರಲ್ಲಿ ಒಬ್ಬ ಗಾಡಿಯಲ್ಲಿ ಹೊಳೆಯ ಮರಳು ಒಯ್ದರೆ ಮೂರು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುತ್ತಾನೆ.

ಕಳ್ಳತನ ಕಂಡವರಿಗೆ ಸಿಕ್ಕಿದ್ದು ಏನು? ಮುಟ್ಟುಗೋಲು ಹಾಕಿದ ಕಾರವಾರದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರಿಗೆ ಅಮಾನತು. ಅದಕ್ಕೆ ನೊಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಆ ವರ್ಷದ ಜೂನ್‌ನಲ್ಲಿ ರಾಜೀನಾಮೆ ಬರೆದರು. ಆಮೇಲೆ ದೊಡ್ಡವರು ಹೇಳಿದ ಮೇಲೆ ಹಿಂತೆಗೆದುಕೊಂಡರು. 2011ರ ಜುಲೈನಲ್ಲಿ ಅವರು ಕೊಟ್ಟ ವರದಿ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು, ಒಬ್ಬ ಮುಖ್ಯಮಂತ್ರಿಯ ಕುರ್ಚಿಯನ್ನೂ ಕಿತ್ತಿತು. ಬೇಲೆಕೇರಿಯ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಏಳು ವರ್ಷದ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಮರು ತಿಂಗಳೇ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿತು. ಅಮಾನತು ಎಂಬುದು ಅಧಿಕಾರಿಗೂ ಸಿಗುತ್ತದೆ, ಶಿಕ್ಷೆಗೂ ಸಿಗುತ್ತದೆ. ನ್ಯಾಯ ಎಲ್ಲರಿಗೂ ಸಮಾನ.

ಆ ಅದಿರು ಸಮುದ್ರದ ಆಚೆ ಕರಗಿ ಉಕ್ಕಾಯಿತು. ಆ ಉಕ್ಕನ್ನು ಮಾಡಿ ಮಾಡಿ ಪಳಗಿದ ಕುಲುಮೆಗಳ ಮಾಲು ಈಗ ನಮ್ಮ ಬಂದರಿಗೆ ಮರಳುತ್ತಿದೆ ಎಂದು ನಮ್ಮನ್ನು ಕಾಪಾಡಲು ಶೇ. 12 ಸುಂಕ. ಅಳಿಯನಿಗೆ ಕೊಟ್ಟ ಕತ್ತಿಗೆ ಹೆದರಿ ಮನೆ ಬಾಗಿಲಿಗೆ ಬೀಗ ಹಾಕಿಕೊಂಡ ಮಾವನ ಪಾಡು ನಮ್ಮದು. ಬೀಗದ ದುಡ್ಡನ್ನೂ ಮನೆಯವರೇ ಕೊಡಬೇಕು. ಬಾಡದಿಂದ ಶಿರಾಲಿಯವರೆಗೆ ಜೂನ್ ತಿಂಗಳು ಬರುವ ಮುಂಚೆ ಅಂಗಳಕ್ಕೆ, ಕೊಟ್ಟಿಗೆಗೆ, ಅಂಗಡಿಯ ಮುಂದಕ್ಕೆ ಬಣ್ಣದ ಶೀಟು ಹೊದೆಸುವ ಜನ ನಾವು. ಸೋಗೆ ಹೊದಿಕೆ ಹೋಗಿ ಹಂಚು ಬಂತು, ಹಂಚು ಹೋಗಿ ಶೀಟು ಬಂತು. ಆ ಶೀಟು ಸುಂಕದ ಪಟ್ಟಿಯಲ್ಲಿ ಇದೆ. ಅಗ್ಗದ ಪರದೇಶಿ ಶೀಟು ನಿಂತಾಗ ಸ್ವದೇಶಿ ಶೀಟಿನ ದರ ತಾನೇ ಹಿಗ್ಗುತ್ತದೆ. ಸುಂಕ ಹಾಕುವುದೇ ಅದಕ್ಕೆ. ಹಾಗಾಗಿ ಈ ಮಳೆಗಾಲದಲ್ಲಿ ದನದ ಕೊಟ್ಟಿಗೆಯ ಮೇಲೆ ಶೀಟು ಬಡಿಯುವವರು ತಮ್ಮನ್ನು ಗಡಿಯಲ್ಲಿ ನಿಂತ ಯೋಧರೆಂದೇ ತಿಳಿದುಕೊಳ್ಳಬಹುದು.

ಸರಿ, ದೇಶಕ್ಕಾಗಿ ಇಷ್ಟು ಮಾಡೋಣ. ಉಕ್ಕು ದೇಶದ ಬೆನ್ನೆಲುಬು, ಅದನ್ನು ನಾವೇ ಮಾಡಬೇಕು, ನಷ್ಟವಾದರೂ ಬಿಡಬಾರದು. ಒಪ್ಪಿದೆ. ಹಾಗಾದರೆ ಭದ್ರಾವತಿ?

ಇಲ್ಲಿ ಮಾತು ತಡವರಿಸುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಚಾಲೂ ಆದದ್ದು 1923ರ ಜನವರಿಯಲ್ಲಿ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಒಂದು ದೇಶೀ ಸಂಸ್ಥಾನ ತನ್ನ ದುಡ್ಡಿನಲ್ಲಿ, ತನ್ನ ಕಾಡಿನ ಇದ್ದಿಲಿನಲ್ಲಿ, ತನ್ನ ಕೆಮ್ಮಣ್ಣುಗುಂಡಿಯ ಅದಿರಿನಲ್ಲಿ ಕಬ್ಬಿಣ ಕರಗಿಸಿತು. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ದರ ಬಿದ್ದಿತ್ತು. ನಷ್ಟ, ಮುಚ್ಚಿ ಎಂದು ಆಗಲೂ ಹೇಳುವವರಿದ್ದರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕೂತು, 1929ರವರೆಗೆ ಖರ್ಚು ಹಿಡಿದು, ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು. 1930ರ ದಶಕದಲ್ಲಿ ಅಲ್ಲಿ ಉಕ್ಕೂ ಬಂತು. ಮುಂದೆ ಜೋಗದ ವಿದ್ಯುತ್ತು ಬಂದಾಗ ವಿದ್ಯುತ್ ಕುಲುಮೆಗಳು ಎದ್ದವು. ಅಂದರೆ ಹೊನ್ನಾವರದ ಅಳಿವೆಗೆ ಬಂದು ಸೇರುವ ಶರಾವತಿ, ಘಟ್ಟ ಇಳಿಯುವ ಮೊದಲು ಭದ್ರಾವತಿಗೂ ಒಂದು ಕೆಲಸ ಮಾಡಿಕೊಟ್ಟೇ ಇಳಿಯುತ್ತಿದ್ದಳು. ಆಮೇಲೆ ಇದು ಭಾರತೀಯ ಉಕ್ಕು ಪ್ರಾಧಿಕಾರದ ಪಾಲಾಯಿತು; 1998ರಲ್ಲಿ ಪೂರ್ತಿ ವಿಲೀನ. ಮಿಶ್ರಲೋಹದ ವಿಶೇಷ ಉಕ್ಕು ಮಾಡಿ ರೈಲ್ವೆಗೂ ರಕ್ಷಣಾ ಇಲಾಖೆಗೂ ಕೊಟ್ಟ ಕಾರ್ಖಾನೆ. ರಕ್ಷಣಾ ಇಲಾಖೆ ಎಂದರೆ ದೇಶಭದ್ರತೆಯೇ ಎಂದು ನನ್ನ ತಿಳುವಳಿಕೆ. ದೆಹಲಿಯಲ್ಲಿ ಬೇರೆ ಅರ್ಥ ಇದ್ದರೂ ಇರಬಹುದು.

ಆ ಕಾರ್ಖಾನೆಗೆ ಆದದ್ದೇನು ಎಂದರೆ, ಸ್ವಂತ ಗಣಿ ಇಲ್ಲದಂತಾಯಿತು. ಅದಿರಿನ ರಾಜ್ಯದಲ್ಲಿ ಅದಿರಿಲ್ಲದ ಸರ್ಕಾರಿ ಉಕ್ಕಿನ ಕಾರ್ಖಾನೆ! ಬೇಲೆಕೇರಿಯಲ್ಲಿ ಹಡಗುಗಟ್ಟಲೆ ಅದಿರು ಚೀನಾಕ್ಕೆ ಇಳಿಯುತ್ತಿದ್ದ ಅವೇ ವರ್ಷಗಳಲ್ಲಿ ಭದ್ರಾವತಿಯ ಊದುಕುಲುಮೆ ಕಚ್ಚಾಮಾಲಿಗೆ ಬಾಯಿ ಬಿಡುತ್ತಿತ್ತು. ಎರಡರ ನಡುವೆ ಇದ್ದದ್ದು ಒಂದು ಘಟ್ಟ ಮಾತ್ರ. ಊಟ ಹಾಕದೆ ಇಟ್ಟು, ಇದು ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ಮಾರಾಟಕ್ಕೆ ಇಟ್ಟರು. 2019ರಲ್ಲಿ ಜಗತ್ತಿಗೆಲ್ಲ ಡಂಗುರ ಸಾರಿದರು. ಗಣಿಯಿಲ್ಲದ ಕಾರ್ಖಾನೆಯನ್ನು ಕೊಳ್ಳುವ ಧೈರ್ಯ ಯಾರಿಗೂ ಬರದೆ 2022ರಲ್ಲಿ ಆ ಮಾರಾಟವೂ ರದ್ದು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬುವ ವಾರ, ಮುಚ್ಚುವ ತೀರ್ಮಾನ ಹೊರಬಿತ್ತು. ನೂರು ತುಂಬಿದವರಿಗೆ ನಮ್ಮಲ್ಲಿ ಶಾಂತಿ ಹೋಮ ಮಾಡುತ್ತಾರೆ, ತಿಥಿಯನ್ನಲ್ಲ. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಗಲಾಟೆಯಾದ ಮೇಲೆ ಆ ವರ್ಷದ ಆಗಸ್ಟ್‌ನಲ್ಲಿ ಸರಳು ಎಳೆಯುವ ಮಿಲ್ಲೊಂದು ಮತ್ತೆ ತಿರುಗಿತು. ಸ್ಕನ್‌ಥಾರ್ಪಿನ ಕುಲುಮೆಗೆ ಒಂದು ಶನಿವಾರ ಸಾಕಾಯಿತು. ಭದ್ರಾವತಿ ಎಷ್ಟು ಶನಿಯನ್ನು ಕಳೆದಿದೆಯೋ ಲೆಕ್ಕವಿಲ್ಲ.

2024ರ ಜೂನ್‌ನಲ್ಲಿ ದೇವರು ಕಣ್ಣು ಬಿಟ್ಟ ಹಾಗಾಯಿತು. ದೇಶದ ಉಕ್ಕಿನ ಮಂತ್ರಿಯಾಗಿ ಬಂದವರು ನಮ್ಮವರೇ, ಎಚ್.ಡಿ. ಕುಮಾರಸ್ವಾಮಿ. ಅದೇ ತಿಂಗಳ ಕೊನೆಯಲ್ಲಿ ಭದ್ರಾವತಿಗೆ ಹೋಗಿ, ತಣ್ಣಗಾದ ಕುಲುಮೆ ನೋಡಿ, ಮರುಜೀವ ಕೊಡುತ್ತೇನೆಂದು ಭರವಸೆ ಕೊಟ್ಟು ಬಂದರು. 2025ರ ಜನವರಿಯಲ್ಲಿ ಕೇಂದ್ರ ಸಂಪುಟ ನಿಜಕ್ಕೂ ಒಂದು ಸರ್ಕಾರಿ ಉಕ್ಕಿನ ಕಾರ್ಖಾನೆಗೆ 11,440 ಕೋಟಿ ರೂಪಾಯಿಯ ಸಂಜೀವಿನಿ ಕೊಟ್ಟಿತು. ಅದು ವಿಶಾಖಪಟ್ಟಣಕ್ಕೆ. ತಪ್ಪು ತಿಳಿಯಬಾರದು, ಆಂಧ್ರದವರು ಹೋರಾಡಿ ಪಡೆದದ್ದು, ಅವರ ಕಾರ್ಖಾನೆ ಉಳಿಯಲೇಬೇಕು. ಆದರೆ ಉಕ್ಕಿನ ಗಟ್ಟಿತನ ಅಳೆಯುವುದು ಹೇಗೆ ಎಂಬುದು ಆಗ ನನಗೆ ಹೊಳೆಯಿತು. ಆಂಧ್ರದ ಉಕ್ಕಿನಲ್ಲಿ ತೆಲುಗುದೇಶಂ ಪಕ್ಷದ 16 ಸಂಸದರು ಬೆರೆತಿದ್ದರು. ಅವರನ್ನು ತೆಗೆದರೆ ದೆಹಲಿಯ ಕುರ್ಚಿ ಅಲುಗುತ್ತದೆ. ನಾವು ಅದೇ ಕುರ್ಚಿಗೆ 19 ಜನರನ್ನು ಕಳಿಸಿದ್ದೆವು. ಆದರೆ ಮದುವೆಗೆ ಮೊದಲೇ ವರದಕ್ಷಿಣೆ ಎಣಿಸಿಕೊಟ್ಟ ಮನೆಯವರ ಮಾತನ್ನು ಬೀಗರು ಕೇಳುವುದುಂಟೇ?

ಕೇಂದ್ರವನ್ನಷ್ಟೇ ಬೈದರೆ ರಾಜ್ಯದವರಿಗೆ ಬೇಸರವಾದೀತು. ತೋರಣಗಲ್ಲಿನಲ್ಲಿ ಜಿಂದಾಲ್ ಕಂಪನಿಯ ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಒಂದು, ಸಾವಿರಾರು ಜನಕ್ಕೆ ಅನ್ನ ಹಾಕಿದೆ, ಅದರಲ್ಲಿ ಎರಡು ಮಾತಿಲ್ಲ. ಆ ಕಂಪನಿಗೆ 3,667 ಎಕರೆ ಸರ್ಕಾರಿ ಜಮೀನನ್ನು ಶುದ್ಧ ಕ್ರಯಕ್ಕೆ ಕೊಡಬೇಕೋ ಬೇಡವೋ ಎಂಬ ನಾಟಕ ಐದು ವರ್ಷ ನಡೆಯಿತು. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಕೊಡುತ್ತೇವೆ ಎಂದಾಗ, ನಾಡು ಮಾರಿದರು ಎಂದು ಬಿಜೆಪಿಯವರು ಬೆಂಗಳೂರಿನಲ್ಲಿ ಹಗಲು ರಾತ್ರಿ ಧರಣಿ ಕೂತರು. 2021ರಲ್ಲಿ ಬಿಜೆಪಿ ಸಂಪುಟವೇ ಕೊಡುತ್ತೇವೆ ಎಂದಿತು. ಒಳಗಿನವರೇ ಕೂಗಿದ ಮೇಲೆ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಸಂಪುಟ ಕೊಟ್ಟೇ ಬಿಟ್ಟಿತು, ಎಕರೆಗೆ 1.22 ಲಕ್ಷ ಮತ್ತು 1.50 ಲಕ್ಷದಂತೆ. ಕುಮಟಾ ಪೇಟೆಯಲ್ಲಿ ಆ ದರಕ್ಕೆ ಎಕರೆಯ ಮಾತು ಹಾಗಿರಲಿ, ಒಂದು ಗುಂಟೆ ಕೇಳಿದರೆ ಚಹಾ ಕೊಟ್ಟು ಕಳಿಸುತ್ತಾರೆ. ಮೂರೂ ಪಕ್ಷಗಳಿಗೆ ಈ ವಿಷಯದಲ್ಲಿ ಒಂದೇ ನಿಲುವು ಎಂಬುದನ್ನು ಗಮನಿಸಿ: ಕುರ್ಚಿಯಲ್ಲಿದ್ದಾಗ ಉಕ್ಕು ನಾಡಿನ ಪ್ರಗತಿ, ಬೀದಿಯಲ್ಲಿದ್ದಾಗ ಭೂಮಿ ತಾಯಿ.

ನಮ್ಮ ಜಿಲ್ಲೆಗೆ ದೇಶಭದ್ರತೆ ಎಂದರೇನು ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ಕಾರವಾರದಲ್ಲಿ ನೌಕಾನೆಲೆಯ ಯೋಜನೆ ಸೀಬರ್ಡ್‌ಗೆ 1986ರಲ್ಲಿ ಅಡಿಗಲ್ಲು ಬಿದ್ದಾಗ ಸಾವಿರಾರು ಕುಟುಂಬಗಳು ಕಡಲ ದಂಡೆ ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ಅವರ ಮೊಮ್ಮಕ್ಕಳ ಕಾಲಕ್ಕೂ ಬಂದವು. ದೇಶಭದ್ರತೆ ಎಂದರೆ ಬೇರೆಯವರಿಗೆ ರಕ್ಷಣೆ, ನಮಗೆ ಹೊಸ ವಿಳಾಸ. ಈಗ ಅಂಕೋಲೆಯ ಕೇಣಿಯಲ್ಲಿ ಅದೇ ಜಿಂದಾಲ್ ಬಳಗದ ಕಂಪನಿಗೆ ಬಂದರು ಕಟ್ಟಲು ಸರ್ಕಾರ ಒಪ್ಪಿಗೆ ಕೊಟ್ಟಿದೆ: 4,119 ಕೋಟಿ ರೂಪಾಯಿಯ ಯೋಜನೆ, ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯ. ಬಯಲುಸೀಮೆಯ ಉಕ್ಕಿಗೆ ಕಡಲ ಬಾಗಿಲು. 2025ರಲ್ಲಿ ಸಮೀಕ್ಷೆಗೆ ಬಂದಾಗ ಮೀನುಗಾರರು, ಹೆಂಗಸರು ಮಕ್ಕಳಾದಿಯಾಗಿ, ನೀರಿಗೇ ಇಳಿದು ಪ್ರತಿಭಟಿಸಿದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಇನ್ನೊಂದು ಖಾಸಗಿ ಬಂದರಿನ ಜಗಳ ವರ್ಷಗಳಿಂದ ಹೊಗೆಯಾಡುತ್ತಿದೆ. ಅದಿರು ಸಾಗಿಸಲೆಂದೇ ಹುಟ್ಟಿದ ಹುಬ್ಬಳ್ಳಿ–ಅಂಕೋಲಾ ರೈಲು ದಾರಿಯ ಕಡತವಂತೂ ಕಾಲು ಶತಮಾನದಿಂದ ಕಾಡಿನಲ್ಲಿ ಓಡುತ್ತಿದೆ, ರೈಲು ಮಾತ್ರ ಇಲ್ಲ. ಹೀಗೆ ನೋಡಿದರೆ ಉಕ್ಕಿನ ನಕ್ಷೆಯಲ್ಲಿ ನಮಗೆ ಕೊಟ್ಟ ಜಾಗ ಒಂದೇ, ದಾರಿ. ದಾರಿಯ ಮೇಲಿರುವವರು ಸರಿದು ನಿಲ್ಲಬೇಕು, ಅಷ್ಟೆ.

ನನ್ನ ಮನೆಯ ಹತ್ತಿರದ ಆಚಾರರ ಸಾಲೆಯಲ್ಲಿ ಈ ಮಾತೆಲ್ಲ ತೆಗೆದಾಗ ಅವರು ತಿದಿ ನಿಲ್ಲಿಸಲಿಲ್ಲ. ಮೆಟ್ಟುಗತ್ತಿ, ಹಾರೆ, ಅಡಿಕೆ ಕೊಯ್ಲಿನ ಕತ್ತಿ ಮಾಡುವ ಸಾಲೆ ಅದು. ಕಚ್ಚಾಮಾಲು ಗುಜರಿಯಿಂದ ತಂದ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ.

"ಆಚಾರರೇ, ಉಕ್ಕು ಮಾಡುವವರಿಗೆಲ್ಲ ಸರ್ಕಾರ ರಕ್ಷಣೆ ಕೊಡುತ್ತಿದೆ. ನೀವೂ ಒಂದು ಅರ್ಜಿ ಹಾಕಿ."

"ಎಂತದು ತಮಾ ರಕ್ಷಣೆ? ಮಳೆಗಾಲದಲ್ಲಿ ಸಾಲೆ ಸೋರ್ತದೆ, ಮೇಲಿಂದ ಎರಡು ಶೀಟು ಕೊಡ್ತಾರೋ?"

"ಶೀಟಿಗೇ ಅಲ್ಲವೋ ಸುಂಕ ಹಾಕಿದ್ದು."

"ಹಾಗಾದ್ರೆ ರಕ್ಷಣೆ ಅವರ ಹತ್ರವೇ ಇರ್ಲಿ ಮಾರಾಯ." ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ಅದಿರಿನ ಲಾರಿ ಓಡುವಾಗ ಒಳ್ಳೇದಿತ್ತು. ಘಟ್ಟದಲ್ಲಿ ದಿನಾ ಪಟ್ಟಿ ಮುರೀತಿದ್ವು. ಗುಜರಿಯಲ್ಲಿ ಬೇಕಾದಷ್ಟು ಮಾಲು."

ಆ ಮಹಾ ಲೂಟಿಯಿಂದ ನಮ್ಮ ಜಿಲ್ಲೆಯಲ್ಲಿ ಉಳಿದ ಕಬ್ಬಿಣ ಅದೊಂದೇ. ಆದರೂ ನಾನು ಬಿಡಲಿಲ್ಲ. ಅವರ ಪರವಾಗಿ ಅರ್ಜಿಯ ಕರಡು ಮನಸ್ಸಿನಲ್ಲೇ ಮಾಡಿದೆ. ಈ ಸಾಲೆ ಮುಚ್ಚಿದರೆ ಗ್ರಾಮದಲ್ಲಿ ತೆಂಗಿನಕಾಯಿ ಸುಲಿಯುವ ಸಾಮರ್ಥ್ಯ ಪರದೇಶದವರ ಕೈಗೆ ಹೋಗುವುದು ಖಂಡಿತ. ಜಾತ್ರೆಯಲ್ಲಿ ಚೀನಾದ ಪ್ಲಾಸ್ಟಿಕ್ ಹಿಡಿಯ ಚಾಕು ಸುರಿದಿದ್ದಾರೆ, ಆಕ್ರಮಣ ಶುರುವಾಗಿದೆ. ಸರ್ಕಾರ ಸಾಲೆಯಲ್ಲಿ ಒಂದು ಚಿನ್ನದ ಷೇರು ಇಟ್ಟುಕೊಳ್ಳಲಿ. ತಿದಿ ಬದಲಿಸುವ ಮುನ್ನ ಪ್ರಧಾನಿಯವರ ಒಪ್ಪಿಗೆ ಕೇಳುತ್ತೇವೆ. ನಷ್ಟವಾದರೆ ರಜೆಯಲ್ಲಿರುವ ಪಂಚಾಯತಿ ಸದಸ್ಯರನ್ನು ಶನಿವಾರ ಕರೆಸಿ ಠರಾವು ಮಾಡಲಿ. ಇದರಲ್ಲಿ ಒಂದು ಸಾಲೂ ನನ್ನ ಕಲ್ಪನೆಯಲ್ಲ, ಎಲ್ಲವನ್ನೂ ವಾಷಿಂಗ್ಟನ್ನು, ಲಂಡನ್ನುಗಳಿಂದ ನಕಲು ಹೊಡೆದದ್ದು. ಅಲ್ಲಿ ಅದು ನೀತಿ, ಇಲ್ಲಿ ಹಾಸ್ಯ. ಮಾಲಿಕನ ಗಾತ್ರ ನೋಡಿ ಜನ ನಗುತ್ತಾರೆ.

ನಗದೇ ಹೇಳಬೇಕಾದ ಮಾತೂ ಒಂದಿದೆ. ಉಕ್ಕು ದೇಶಭದ್ರತೆಯ ವಿಷಯ ಎಂಬುದು ಸುಳ್ಳಲ್ಲ. ಐಎನ್‌ಎಸ್ ವಿಕ್ರಾಂತ ಕಟ್ಟಲು ಬೇಕಾದ ಯುದ್ಧನೌಕೆಯ ಉಕ್ಕು ರಷ್ಯಾದಿಂದ ಬರುತ್ತದೆ ಎಂದು ಕಾದು ಕೂತಾಗ ಅದು ಸಿಗಲಿಲ್ಲ. ನಮ್ಮ ರಕ್ಷಣಾ ವಿಜ್ಞಾನಿಗಳು ಹೊಸ ಮಾದರಿಯ ಉಕ್ಕನ್ನು ರೂಪಿಸಿದರು. ಭಿಲಾಯಿ, ಬೊಕಾರೊ, ರೂರ್ಕೆಲಾದ ಸರ್ಕಾರಿ ಕಾರ್ಖಾನೆಗಳು ಸುಮಾರು 30,000 ಟನ್ ಮಾಡಿಕೊಟ್ಟವು. 2022ರ ಸೆಪ್ಟೆಂಬರ್ 2ರಂದು ಹಡಗು ನೌಕಾಪಡೆಗೆ ಸೇರಿತು. ಆ ಕಾರ್ಖಾನೆಗಳನ್ನು ಯಾವುದೋ ಒಂದು ವರ್ಷದ ಲಾಭ ನಷ್ಟ ನೋಡಿ ಮುಚ್ಚಿದ್ದರೆ ಹಡಗು ಕಾಗದದ ಮೇಲೇ ತೇಲುತ್ತಿತ್ತು. ವಾದ ಇಷ್ಟು ಗಟ್ಟಿಯಾಗಿರುವುದರಿಂದಲೇ ಅದನ್ನು ಸಿಕ್ಕಸಿಕ್ಕಲ್ಲಿ ಅಡವಿಡುವುದು ಅಸಹ್ಯ. ಭದ್ರತೆ ಎಂದು ಸುಂಕ ಹಾಕಿದರೆ ಅದರ ಲಾಭ ಈಗಾಗಲೇ ಕೊಬ್ಬಿರುವವರಿಗೆ ದರದ ರೂಪದಲ್ಲಿ ಸೇರುತ್ತದೆ. ಭದ್ರತೆ ಎಂದು ಕುಲುಮೆ ಹಚ್ಚಿಡಬೇಕಾದರೆ ಬೊಕ್ಕಸದಿಂದ ದುಡ್ಡು ಬಿಚ್ಚಬೇಕು, ಗಣಿ ಕೊಡಬೇಕು, ಕಾರ್ಮಿಕನಿಗೆ ಸಂಬಳ ಕೊಡಬೇಕು. ಮೊದಲನೆಯದಕ್ಕೆ ಒಂದು ಅಧಿಸೂಚನೆ ಸಾಕು. ಎರಡನೆಯದಕ್ಕೆ ಸರ್ಕಾರ ಬೇಕು.

ಗಣಿಯ ಮಾತು ಬಂದಾಗ ಕುದುರೆಮುಖವನ್ನು ನೆನೆಯದೆ ಇರುವುದು ಹೇಗೆ? 1970ರ ದಶಕದಲ್ಲಿ ಇರಾನಿನ ಷಾ ದುಡ್ಡು ಕೊಡುತ್ತಾನೆ ಎಂದು ಘಟ್ಟ ಅಗೆಯಲು ಹೊರಟೆವು. 1979ರಲ್ಲಿ ಷಾ ಪಲಾಯನ ಮಾಡಿದ, ಘಟ್ಟ ಅಗೆದೇ ಇತ್ತು. ಸುಪ್ರೀಂ ಕೋರ್ಟು ಹೇಳಿದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಹೀಗೆ ಗಣಿಯಿಲ್ಲದಂತಾದ ಕುದುರೆಮುಖದ ಸರ್ಕಾರಿ ಕಂಪನಿಗೆ ಸಂಡೂರಿನ ದೇವದಾರಿ ಗುಡ್ಡ ಕೊಡಿಸಲು ನಮ್ಮ ಉಕ್ಕಿನ ಮಂತ್ರಿಗಳು ಬಂದ ಹೊಸತರಲ್ಲೇ ಸಹಿ ಹಾಕಿದರು. ಸುಮಾರು 99,000 ಮರ ಬೀಳುತ್ತವೆ ಎಂದು ರಾಜ್ಯದ ಅರಣ್ಯ ಮಂತ್ರಿಗಳು ತಡೆದರು. ಮರ ಉಳಿಯಲಿ, ಸಂತೋಷ. ಆದರೆ ಅದೇ ಸಂಡೂರಿನಲ್ಲಿ ಈಗಾಗಲೇ ಅಗೆದಿಟ್ಟ, ಹರಾಜಾಗುತ್ತಿರುವ ಗಣಿಗಳ ಅದಿರಿನಲ್ಲಿ ಒಂದು ಪಾಲನ್ನು ಭದ್ರಾವತಿಗೆ ಕಟ್ಟಿಡಿ ಎಂದು ಎರಡೂ ಕಡೆಯವರಲ್ಲಿ ಒಬ್ಬರಾದರೂ ಮೇಜು ಕುಟ್ಟಿದ್ದನ್ನು ನಾನು ಕಂಡಿಲ್ಲ. ಹೊಸ ಮರ ಕಡಿಯದೇ ಆಗುವ ಕೆಲಸಕ್ಕೆ ನಮ್ಮಲ್ಲಿ ಮಂತ್ರಿಗಳ ಉತ್ಸಾಹ ಸಾಲದು.

ಓದುಗರಲ್ಲಿ ಒಂದು ಬೇಡಿಕೆ. ಚುನಾವಣೆ ಬಂದೇ ಬರುತ್ತದೆ, ಕುಮಟಾದ ಮಣಕಿ ಮೈದಾನದಲ್ಲೋ ಹೊನ್ನಾವರದ ಸರ್ಕಲ್ಲಿನಲ್ಲೋ ಯಾರಾದರೂ ಮೈಕು ಹಿಡಿದು ಉಕ್ಕು ಮತ್ತು ದೇಶಭದ್ರತೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಯೇ ಹೇಳುತ್ತಾರೆ. ಚಪ್ಪಾಳೆ ತಟ್ಟುವ ಮೊದಲು ಎದ್ದು ನಿಂತು ಕೇಳಿ: ಭದ್ರಾವತಿಗೆ ಗಣಿ ಯಾವ ತಾರೀಕಿಗೆ ಕೊಡುತ್ತೀರಿ? ಬೇಲೆಕೇರಿಯಿಂದ ಕದ್ದ ಅದಿರಿನ ದುಡ್ಡು ಯಾರಿಂದ, ಎಷ್ಟು ವಸೂಲಾಯಿತು? ತಾರೀಕನ್ನೂ ಮೊತ್ತವನ್ನೂ ಹೇಳದವರಿಗೆ ಓಟು ಹಾಕಬೇಡಿ, ಅವರು ಯಾವ ಪಕ್ಷದವರಾದರೂ ಸರಿ.